ಒಂದು ಮಗು ಜಾಸ್ತಿ

ಸಂತಾನವೆಂಬುದು ದೈವದತ್ತ, ಅದನ್ನು ಎಣಿಸುವ ಅಧಿಕಾರ ಮನುಷ್ಯಮಾತ್ರರಿಗೆ ಇಲ್ಲ. ಇದನ್ನು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಆಮೇಲೆ ಒಂದು ದಿನ ಸಂಜಯನಗರದಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ, ಉಗುರಿನ ಬಣ್ಣ ಇನ್ನೂ ಒಣಗದ ಹುಡುಗಿಯೊಬ್ಬಳು ನನ್ನ ಮಕ್ಕಳನ್ನು ಎಣಿಸಿ, ಒಂದು ಜಾಸ್ತಿಯಾಯಿತು ಎಂದಳು.

ಅವಳು ವೀಸಾ ಏಜೆಂಟು. ನಾವು ಅಲ್ಲಿಗೆ ಹೋದದ್ದು ನಮ್ಮ ಹಿರಿಯ ಮಗಳ ದೆಸೆಯಿಂದ. ಅವಳು ಮೆಲ್ಬರ್ನಿನಲ್ಲಿ, ವೃದ್ಧಾಶ್ರಮವೊಂದರಲ್ಲಿ ನರ್ಸ್. ಅಲ್ಲಿನ ಮುದುಕ ಮುದುಕಿಯರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಮಾತ್ರೆ ನುಂಗಿಸಿ ಮನೆಗೆ ಬಂದ ಮೇಲೆ, ಆರ್.ಟಿ. ನಗರದಲ್ಲಿರುವ ತನ್ನ ಅಮ್ಮನಿಗೆ ಫೋನ್ ಮಾಡಿ “ಬಿ.ಪಿ. ಮಾತ್ರೆ ತಗೊಂಡ್ಯಾ?” ಎಂದು ಕೇಳುವುದು ಅವಳ ನಿತ್ಯಕರ್ಮ. ಗಂಡನಿಗೆ ಎಲ್ಲೋ ಪಶ್ಚಿಮದ ಗಣಿಯಲ್ಲಿ ಕೆಲಸ. ವಾರಗಟ್ಟಲೆ ಅಲ್ಲೇ ಇರುತ್ತಾನೆ. ಮಗ ಈಗಷ್ಟೇ ಶಾಲೆಗೆ ಸೇರಿದ್ದಾನೆ. ಇವಳ ಪಾಳಿ ಶುರುವಾಗುವ ಹೊತ್ತಿಗೂ ಅವನ ಶಾಲೆ ಬಿಡುವ ಹೊತ್ತಿಗೂ ದೇವರು ಹೊಂದಾಣಿಕೆ ಮಾಡಿಲ್ಲ.

ನನ್ನ ಹೆಂಡತಿ ಪ್ರವಾಸಿ ವೀಸಾದ ಮೇಲೆ ಎರಡು ಸಲ ಹೋಗಿಬಂದಳು. ಎರಡು ಸಲವೂ ಒಯ್ದ ಸಾರಿನ ಪುಡಿ ಮುಗಿಯುವ ಮೊದಲೇ ವೀಸಾ ಮುಗಿಯಿತು. ಎರಡನೆಯ ಸಲ ವಾಪಸು ಬಂದವಳು ಒಂದು ವಾರ ನನ್ನನ್ನು ಮೊಮ್ಮಗನ ಹೆಸರಿನಿಂದ ಕರೆದಳು. ನಾನು ಓಗೊಟ್ಟೆ. ಆಗಲೇ ನನಗೆ ಗೊತ್ತಾಯಿತು, ಈ ಹೋಗಿಬರುವ ವ್ಯವಹಾರ ಇನ್ನು ಸಾಗುವುದಿಲ್ಲ ಎಂದು.

ಮಗಳು ವೀಸಾಗಳನ್ನೆಲ್ಲ ಓದಿಕೊಂಡು ಫೋನಿನಲ್ಲಿ ವಿವರಿಸಿದಳು. ಖಾಯಂ ವೀಸಾದಲ್ಲಿ ಅಗ್ಗದ್ದು ಒಂದಿದೆ. ಅದರ ಸಾಲು ಎಷ್ಟು ಉದ್ದವೆಂದರೆ ನಮ್ಮ ಸರದಿ ಬರುವ ಹೊತ್ತಿಗೆ ನಾವಿಬ್ಬರೂ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುತ್ತೇವೆ. ಇನ್ನೊಂದು ದುಬಾರಿಯದು, ಅದರ ಸಾಲೂ ವರ್ಷಗಟ್ಟಲೆಯದೇ, ಆದರೆ ಜೀವ ಗಟ್ಟಿ ಹಿಡಿದರೆ ತಲುಪಬಹುದು. ಮೂರನೆಯದು ತಾತ್ಕಾಲಿಕ; ಮೂರೋ ಐದೋ ವರ್ಷ ಇದ್ದು ಹೊರಡಬೇಕು. ಮಗಳಿಗೆ ಬೇಕಾದದ್ದು ಖಾಯಂ. ಅವಳ ಅಮ್ಮನಿಗೂ ಅದೇ. ನನಗಂತೂ ಕೇಳುವುದೇ ಬೇಡ. ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು; ಖಾಯಂ ಎಂಬ ಶಬ್ದ ಕಿವಿಗೆ ಬಿದ್ದರೆ ಈಗಲೂ ಎದ್ದು ನಿಲ್ಲಬೇಕೆನಿಸುತ್ತದೆ.

ಹೀಗೆ ಬೇಕರಿಯ ಮೆಟ್ಟಿಲು ಹತ್ತಿದೆವು.

“ಎಷ್ಟು ಜನ ಮಕ್ಕಳು ಅಂಕಲ್?” ಎಂದಳು ಏಜೆಂಟ್ ಹುಡುಗಿ.

“ಮೂರು.”

“ಆಸ್ಟ್ರೇಲಿಯಾದಲ್ಲಿ?”

“ಒಬ್ಬಳು.”

“ಉಳಿದವರು?”

“ಮಗ ಆರ್.ಟಿ. ನಗರದಲ್ಲೇ, ನಮ್ಮನೆ ಹಿಂದಿನ ರಸ್ತೆ. ಚಿಕ್ಕ ಮಗಳು ಯಲಹಂಕದ ಹತ್ರ, ಪುಟ್ಟೇನಹಳ್ಳಿ.”

ಹುಡುಗಿ ಪೆನ್ನು ಕೆಳಗಿಟ್ಟಳು. “ಆಗಲ್ಲ ಅಂಕಲ್. ಖಾಯಂ ವೀಸಾಗೆ ಮಕ್ಕಳಲ್ಲಿ ಅರ್ಧ ಜನ ಆದ್ರೂ ಅಲ್ಲಿ ಸೆಟ್ಲ್ ಆಗಿರ್ಬೇಕು. ಇಬ್ರಲ್ಲಿ ಒಬ್ರು ಇದ್ರೆ ಸಾಕು. ಮೂರರಲ್ಲಿ ಒಬ್ರು ಅಂದ್ರೆ ಸಾಲಲ್ಲ. ಒಂದ್ ಜಾಸ್ತಿ ಆಯ್ತು.”

ಆ ದೇಶದವರ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಹೆಚ್ಚು ಮಕ್ಕಳು ಯಾವ ಕಡೆ ಇದ್ದಾರೋ ತಂದೆ ತಾಯಿ ಆ ಕಡೆ ಇರಲಿ ಎನ್ನುವ ತಕ್ಕಡಿ ಅದು. ನಾನು ಎದ್ದು ಹೊರಡುವುದರಲ್ಲಿದ್ದೆ. ಆಗ ನನ್ನ ಹೆಂಡತಿ ಹೇಳಿದಳು:

“ಅವನು ನಮ್ಮಕ್ಕನ ಮಗ ಕಣಮ್ಮ.”

ಮೂವತ್ತೆಂಟು ವರ್ಷಗಳಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹುಡುಗಿಯ ಮುಖ ಅರಳಿತು. “ಹಾಗಾದ್ರೆ ನಿಮ್ಗೆ ಇಬ್ರೇ ಆಂಟಿ! ಮೊದ್ಲೇ ಹೇಳ್ಬಾರ್ದಾ? ದತ್ತು ಗಿತ್ತು ಏನೂ ಮಾಡ್ಸಿಲ್ಲ ತಾನೇ?”

ಮಾಡಿಸಿರಲಿಲ್ಲ. ಅವನ ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ತಂದೆ ಇನ್ನೊಂದು ಮದುವೆಯಾಗಿ ಹೊಸೂರಿನ ಕಡೆ ಹೋದರು. ಮಗು ಒಂದು ತಿಂಗಳ ಮಟ್ಟಿಗೆಂದು ನಮ್ಮ ಮನೆಗೆ ಬಂತು. ಆ ತಿಂಗಳು ಇನ್ನೂ ಮುಗಿದಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಂದೆಯ ಹೆಸರು ಕೇಳಿದರು, ನಾನು ನನ್ನ ಹೆಸರು ಹೇಳಿದೆ. ರೇಷನ್ ಕಾರ್ಡಿನಲ್ಲಿ ಮಗ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಗ. ಮದುವೆಯ ಲಗ್ನಪತ್ರಿಕೆಯಲ್ಲಿ ಜ್ಯೇಷ್ಠ ಪುತ್ರ. ನಮ್ಮ ಕಡೆ ಅಕ್ಕನ ಮಗ ಹೇಗಿದ್ದರೂ ಮಗನೇ. ಅವನನ್ನು ದತ್ತು ತೆಗೆದುಕೊಳ್ಳುವುದೆಂದರೆ ಸ್ವಂತ ಮನೆಗೆ ಬಾಡಿಗೆ ಕರಾರು ಬರೆಸಿದ ಹಾಗೆ. ಯಾರಿಗೂ ಅದು ಹೊಳೆಯಲಿಲ್ಲ.

“ಪೇಪರ್‌ನಲ್ಲೆಲ್ಲಾ ಮಗ ಅಂತ ಇದ್ರೆ ಅವ್ರು ಕೇಳೇ ಕೇಳ್ತಾರೆ,” ಎಂದಳು ಹುಡುಗಿ. “ಅವ್ರ ನಿಜವಾದ ಬರ್ತ್ ಸರ್ಟಿಫಿಕೇಟ್ ತನ್ನಿ. ಅವ್ರು ನಮ್ಮ ಮಗ ಅಲ್ಲ, ದತ್ತು ತಗೊಂಡಿಲ್ಲ ಅಂತ ನೀವಿಬ್ರೂ ಒಂದ್ ಅಫಿಡವಿಟ್ ಮಾಡ್ಕೊಡಿ. ಸಿಂಪಲ್.”

ಆಟೋದಲ್ಲಿ ಮನೆಗೆ ಬರುವಾಗ ನನ್ನ ಹೆಂಡತಿ ಹೆಬ್ಬಾಳದ ಟ್ರಾಫಿಕ್ಕಿಗೂ ಬೈಯಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ಅದೂ ಮೊದಲ ಸಲ.

ಸುದ್ದಿ ಮಗನಿಗೆ ಮೆಲ್ಬರ್ನಿನಿಂದ ತಲುಪಿತು. ಅಣ್ಣ ತಂಗಿಯರ ನಡುವೆ ಅಂಥ ಗುಟ್ಟುಗಳೇನೂ ನಿಲ್ಲುವುದಿಲ್ಲ. ಅವನದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ವಾರ್ನಿಶ್ ಬಳಿದುಕೊಡುವ ವೈಂಡಿಂಗ್ ಅಂಗಡಿ; ಭಾನುವಾರ ಮಾತ್ರ ಬಿಡುವು. ಆ ಭಾನುವಾರ ತಿಂಡಿಯ ಹೊತ್ತಿಗೆ ಬಂದು, ಲ್ಯಾಮಿನೇಟ್ ಮಾಡಿಸಿದ ಜನನ ಪ್ರಮಾಣಪತ್ರವೊಂದನ್ನು ಟೇಬಲ್ಲಿನ ಮೇಲೆ, ಚಟ್ನಿ ತಾಗದಂತೆ ಇಟ್ಟ. ಎಲ್ಲಿಂದ, ಯಾವಾಗ ತೆಗೆಸಿದ್ದನೋ ಕೇಳಲಿಲ್ಲ. ಅದರಲ್ಲಿ ತಂದೆಯ ಹೆಸರು ಎಂಬಲ್ಲಿ ಬೇರೆ ಹೆಸರಿತ್ತು. ಗೊತ್ತಿದ್ದ ಸಂಗತಿಯೇ. ಆದರೂ ಅದನ್ನು ಓದುವಾಗ ಯಾರೋ ನನ್ನ ಕುರ್ಚಿಯಲ್ಲಿ ಕೂತುಬಿಟ್ಟಿದ್ದಾರೆ ಎನ್ನಿಸಿತು.

“ಬರ್ಕೊಡಿ ಅಪ್ಪ. ಏನೀವಾಗ?” ಎಂದ.

“ಏನಂತ ಬರೀಲಿ?”

“ನಾನು ನಿಮ್ಮಗ ಅಲ್ಲ ಅಂತ.”

“ಅದನ್ನ ನೀನು ಪಿಯುಸಿ ಫೇಲಾದ ದಿನಾನೇ ಬರ್ಕೊಡ್ಬೇಕಿತ್ತು.”

“ಬರ್ದಿದ್ರೆ ಈಗ ಸಲೀಸಾಗ್ತಿತ್ತು ನೋಡಿ. ನೀವು ಯಾವ ಕೆಲ್ಸಾನೂ ಟೈಮಿಗೆ ಮಾಡಲ್ಲ.”

ನಕ್ಕೆವು. ನಕ್ಕು ಮುಗಿದ ಮೇಲೆ ನಾನು ಕಾಗದ ತೆಗೆದುಕೊಂಡು ಕೂತೆ. ಅಫಿಡವಿಟ್ ಬರೆಯುವುದೇನು ನನಗೆ ಹೊಸದೇ? ‘ಈ ಕೆಳಗೆ ಸಹಿ ಮಾಡಿರುವ ನಾವು ಸತ್ಯಪೂರ್ವಕವಾಗಿ ಪ್ರಮಾಣೀಕರಿಸುವುದೇನೆಂದರೆ’ ಎಂಬಲ್ಲಿಯವರೆಗೆ ಪೆನ್ನು ತಾನಾಗಿಯೇ ಓಡಿತು. ಅಲ್ಲಿ ನಿಂತಿತು. ನನ್ನ ಸರ್ವೀಸಿನಲ್ಲಿ ಎಂಥೆಂಥ ಪ್ರಮಾಣಗಳನ್ನು ಕೇಳಿದ್ದೇನೆ! ಹೊಲವಿಲ್ಲದವರು ಹೊಲವಿದೆಯೆಂದು, ಸಾಲ ಪಡೆದವರು ಪಡೆದಿಲ್ಲವೆಂದು, ದೇವರ ಹೆಸರಿನಲ್ಲಿ, ಒಂದು ಸಲವೂ ತೊದಲದೆ ಹೇಳಿ ಹೋಗುತ್ತಿದ್ದರು. ನನ್ನದು ಅಕ್ಷರ ಅಕ್ಷರವೂ ನಿಜವಾದ ಪ್ರಮಾಣ. ಆದರೂ ಒಂದು ಸಾಲು ಮುಂದಕ್ಕೆ ಹೋಗಲಿಲ್ಲ.

ಹೆಂಡತಿ ದೋಸೆಯ ಹೆಂಚಿನ ಮುಂದಿನಿಂದ ಎದ್ದು ಬಂದಳು. ಕೈಯಲ್ಲಿ ಮಗುಚುವ ಕೈ.

“ಅದಕ್ಕೆ ನನ್ ಸೈನೂ ಬೇಕಾ?”

“ಇಬ್ಬರದೂ ಬೇಕು,” ಎಂದೆ.

“ಹಾಗಾದ್ರೆ ಮಡಚಿಡಿ.”

ಮಗ ಅವಳ ಕಡೆ ತಿರುಗಿದ. “ಅಮ್ಮ, ನೀನೇ ಅಲ್ವಾ ಆ ಮೇಡಂ ಹತ್ರ ಅಂದಿದ್ದು, ಅಕ್ಕನ ಮಗ ಅಂತ? ನಂಗೇನೂ ಬೇಜಾರಿಲ್ಲ ಕಣಮ್ಮ. ಅಲ್ಲಿ ಅವಳು ಮಗೂನ ಪಕ್ಕದ್ಮನೇಲಿ ಬಿಟ್ಟು ಡ್ಯೂಟಿಗೆ ಹೋಗ್ತಿದಾಳೆ. ಒಂದು ಸೈನ್ ತಾನೇ?”

ಒಳಗೆ ದೋಸೆ ಸೀದ ವಾಸನೆ ಬಂತು, ಅವಳು ಕದಲಲಿಲ್ಲ.

“ಬಾಯಲ್ಲಿ ಬಂತು ಕಣೋ. ಅವಳ ಮನೆಗೆ ಹೋಗೋ ಆಸೆಗೆ ಬಂದ್ಬಿಡ್ತು. ಬಾಯಲ್ಲಿ ಬಂದಿದ್ದು ಗಾಳೀಲಿ ಹೋಗತ್ತೆ. ಬರ್ದಿದ್ದು ಹೋಗಲ್ಲ. ನಾವು ಸತ್ಮೇಲೆ ಬೀರು ಕ್ಲೀನ್ ಮಾಡೋವಾಗ ನಿನ್ ಮಕ್ಕಳು ಅದನ್ನ ಓದ್ತಾರೆ. ನಮ್ಮಜ್ಜಿ ಹಿಂಗೆ ಬರ್ಕೊಟ್ಟು ವಿಮಾನ ಹತ್ತಿದ್ಲು ಅಂತ.”

“ಓದ್ಲಿ ಬಿಡಮ್ಮ. ಅವ್ರಿಗೆ ಕನ್ನಡ ಎಲ್ಲಿ ಓದಕ್ಕೆ ಬರತ್ತೆ?”

“ಸುಮ್ನಿರು. ಕೂತ್ಕೊ, ಇನ್ನೊಂದು ದೋಸೆ ಹಾಕ್ತೀನಿ,” ಎಂದು ಒಳಗೆ ಹೋದಳು. ವಾದ ಮುಕ್ತಾಯವಾಯಿತು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಹಿರಿಯ ಮಗಳಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ವಿಡಿಯೋದಲ್ಲಿ ಅವಳು ಆಸ್ಪತ್ರೆಯ ಬಣ್ಣದ ಅಂಗಿ ಹಾಕಿಕೊಂಡು, ಕಾರಿನಲ್ಲಿ ಕೂತು, ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದಳು. ಕೇಳಿ ಚಮಚ ಡಬ್ಬಿಯಲ್ಲೇ ಬಿಟ್ಟಳು.

“ಅವನೇ ಸರಿ ಅಂದ್ಮೇಲೂ ನಿಮ್ಗಳದ್ದೇನಪ್ಪಾ? ನಾನು ಹುಟ್ಟಿದ್ದಕ್ಕೆ ನಿಮ್ ಹತ್ರ ಪ್ರೂಫ್ ಇದೆ. ಅವನು ನಿಮ್ಗೆ ಹುಟ್ಟಿಲ್ಲ ಅನ್ನೋದಕ್ಕೂ ಪ್ರೂಫ್ ಇದೆ. ಆದ್ರೂ ತಕ್ಕಡಿ ಯಾವಾಗ್ಲೂ ಅವನ ಕಡೆಗೇ.”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನಷ್ಟವೂ ಅವಳದೇ. ಸಂಜೆ ಹೊತ್ತು ಪಕ್ಕದ ಮನೆಯ ಬಾಗಿಲು ತಟ್ಟಬೇಕಾದವಳು ಅವಳು, ನಾವಲ್ಲ. ಕಣ್ಣೊರೆಸಿಕೊಂಡು, “ಬ್ರೇಕ್ ಮುಗೀತು, ಇಡ್ತೀನಿ,” ಎಂದಳು. ಎರಡು ದಿನ ಮಾತ್ರೆ ವಿಚಾರಿಸುವ ಫೋನು ಬರಲಿಲ್ಲ. ಹೆಂಡತಿ ಆ ಎರಡು ದಿನವೂ ಮಾತ್ರೆ ತೆಗೆದುಕೊಂಡು, ತೆಗೆದುಕೊಂಡೆ ಎಂದು ಯಾರಿಗೂ ಹೇಳಲಾಗದೆ ನನಗೆ ಹೇಳಿದಳು.

ಮೂರನೆಯ ದಿನ ಮಗಳೇ ಅಣ್ಣನಿಗೆ ಫೋನ್ ಮಾಡಿದಳು. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಅವನು ಅಂಗಡಿಯಿಂದ ಹಾಗೇ, ಕೈಯೆಲ್ಲ ವಾರ್ನಿಶ್ ಮಾಡಿಕೊಂಡು ಮನೆಗೆ ಬಂದು, “ಆ ಟೆಂಪರರಿ ವೀಸಾಗೆ ಅಪ್ಲೈ ಮಾಡ್ತಾಳಂತೆ. ಮೊದ್ಲು ಅವಳು ಸ್ಪಾನ್ಸರ್ ಅಂತ ಅಲ್ಲಿ ಒಪ್ಪಿಗೆ ತಗೋಬೇಕಂತೆ. ನೀವಿಬ್ರೂ ಮೆಡಿಕಲ್ ಮಾಡಿಸ್ಕೋಬೇಕಂತೆ,” ಎಂದು, ಒಂದು ಲೋಟ ನೀರು ಕುಡಿದು ಹೋದ.

ಮತ್ತೆ ಬೇಕರಿಯ ಮೆಟ್ಟಿಲು. ಹುಡುಗಿ ಹೊಸ ಫೈಲು ತೆರೆದಳು. ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತು, “ಇದಕ್ಕೂ ಮಕ್ಕಳನ್ನ ತೂಗ್ತಾರಾ?” ಎಂದಳು.

“ಇಲ್ಲ ಆಂಟಿ. ಇದಕ್ಕೆ ಅರ್ಧ ಜನ ಅಲ್ಲಿರ್ಬೇಕು ಅನ್ನೋ ರೂಲ್ ಇಲ್ಲ. ಮಗಳು ಸ್ಪಾನ್ಸರ್ ಮಾಡಿದ್ರೆ ಸಾಕು.”

“ಮತ್ತೆ ಅವತ್ತೇ ಹೇಳ್ಬಾರ್ದಿತ್ತಾ?”

“ಅವತ್ತು ನೀವು ಪರ್ಮನೆಂಟೇ ಬೇಕು ಅಂದ್ರಲ್ಲ ಆಂಟಿ.”

ಇಷ್ಟಾದ ಮೇಲೆ ನಮ್ಮ ಎದೆಯ ಫೋಟೋ ತೆಗೆದರು, ರಕ್ತ ತೆಗೆದರು, ನನ್ನ ಕಿವಿಯಲ್ಲಿ ಇಣುಕಿದರು. ಆರೋಗ್ಯ ವಿಮೆಯವರು ನಾವು ಇನ್ನೆಷ್ಟು ದಿನ ಬದುಕುತ್ತೇವೆಂದು ಸಭ್ಯ ಭಾಷೆಯಲ್ಲಿ ವಿಚಾರಿಸಿದರು. ಬೆರಳಚ್ಚು ಕೊಡುವಾಗ ಹೆಂಡತಿಯ ಬೆರಳಿನ ಗೆರೆಗಳು ಪಾತ್ರೆ ತಿಕ್ಕಿ ಸವೆದಿವೆಯೆಂದು ಎರಡೆರಡು ಸಲ ಒತ್ತಿಸಿದರು. ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಹೆಂಡತಿ ಆ ತಿಂಗಳುಗಳಲ್ಲಿ ಸಾರಿನ ಪುಡಿ ಕುಟ್ಟಿಸಲಿಲ್ಲ. ಕುಟ್ಟಿಸಿದರೆ ವೀಸಾ ತಪ್ಪುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಆದರೂ.

ಖಾಯಂ ವೀಸಾಕ್ಕೆ ನಾವು ಅರ್ಜಿ ಹಾಕಲಿಲ್ಲ. ತಾತ್ಕಾಲಿಕ ವೀಸಾ ಇಬ್ಬರಿಗೂ ಮೂರು ವರ್ಷಕ್ಕೆ ಸಿಕ್ಕಿದೆ.