ಅತ್ತೆಮ್ಮನನ್ನು ಬಿಟ್ಟು ಬರದವನು

ಅವನನ್ನು ಫಿರಂಗಿ ದಳದಲ್ಲೆಲ್ಲ ಗುಡುಗಪ್ಪ ಎನ್ನುತ್ತಿದ್ದರು. ಸೇನೆ ಸೇರುವ ಮೊದಲೇ ಹಿಟ್ಟಿನ ಗಿರಣಿಯ ಸದ್ದಿಗೆ ಅರ್ಧ ಕಿವಿ ಕಳೆದುಕೊಂಡು, ಉಳಿದರ್ಧವನ್ನು ಫಿರಂಗಿಗೆ ಕೊಟ್ಟ ಮಹಾಶಯ. ರಜೆಯಲ್ಲಿ ಮನೆಗೆ ಹೋಗಿ "ಊಟ ಬಡಿಸೇ" ಎಂದರೆ ಸಾಕು, ಪಕ್ಕದ ಮನೆಯವರು ಜಗಳ ಬಿಡಿಸಲು ಓಡಿ ಬರುತ್ತಿದ್ದರು. ಅವನ ಕೈಕೆಳಗಿನ ಐವರು ತಮ್ಮ ಫಿರಂಗಿಗೆ ಅತ್ತೆಮ್ಮ ಎಂದು ಹೆಸರಿಟ್ಟಿದ್ದರು. ಬೆಳಗೆದ್ದು ಅವಳ ಬಾಯಿ ತೊಳೆದು, ಮೈಗೆ ಎಣ್ಣೆ ಹಚ್ಚಿದ ಮೇಲೆಯೇ ತಮ್ಮ ಚಹಾ. ಇಷ್ಟು ಸೇವೆ ಮಾಡಿದರೂ ಒದೆಯುವುದನ್ನು ಬಿಡುವುದಿಲ್ಲವಲ್ಲ, ಅತ್ತೆಯಲ್ಲದೆ ಇನ್ನೇನು!

ಆ ದಿನ ತಪ್ಪು ಮಾಡಿದವರು ಅವರೇ. ಫಿರಂಗಿಯ ಬಾಲದಲ್ಲಿ ಸಲಿಕೆಯಂಥ ಉಕ್ಕಿನ ಹಲಗೆ ಇರುತ್ತದೆ. ಗುಂಡು ಹಾರಿದಾಗ ಹಿಂದಕ್ಕೆ ಜಾರದಂತೆ ನೆಲವನ್ನು ಕಚ್ಚಿ ಹಿಡಿಯುತ್ತದೆ. ಒದ್ದೆ ಮಣ್ಣಿನಲ್ಲಿ ಆಗಾಗ ಅದನ್ನು ಎತ್ತಿ ಇಡಬೇಕು. ಹೊಡೆಯುವ ಭರದಲ್ಲಿ ಯಾರಿಗೂ ನೆನಪಾಗಲಿಲ್ಲ. ಮಧ್ಯಾಹ್ನ ಹಿಮ್ಮೆಟ್ಟುವ ಆಜ್ಞೆ ಬಂದಾಗ ಬಾಲ ಪೂರ್ತಿ ಹೂತುಹೋಗಿತ್ತು. ಲಾರಿ ಕಟ್ಟಿ ಎಳೆದರೆ ಇನ್ನಷ್ಟು ಇಳಿಯಿತು.

ಕ್ಯಾಪ್ಟನ್ ಓಡಿ ಬಂದ. "ಶತ್ರು ಹೊಡೆಯೋಕಾಗದ ಹಾಗೆ ಬೀಗದ ಭಾಗ ಬಿಚ್ಕೊಂಡು ಲಾರಿ ಹತ್ತಿ. ಫಿರಂಗಿ ಇಲ್ಲೇ ಇರ್ಲಿ. ಉಳಿದವೆಲ್ಲ ಆಗ್ಲೇ ಹೊರಟವು."

"ಹೊಳೆ ಆಚೆ ಇರೋರು?" ಎಂದು ಗುಡುಗಪ್ಪ ಗುಡುಗಿದ.

ಆಚೆ ದಡದಲ್ಲಿ ಕಾಲಾಳುಗಳ ತುಕಡಿ ಸಿಕ್ಕಿಬಿದ್ದಿತ್ತು. ಅವರು ಸೇತುವೆ ದಾಟುವವರೆಗೆ ಶತ್ರುವನ್ನು ತಡೆಯಲು ಈಗ ಉಳಿದಿದ್ದದ್ದು ಅತ್ತೆಮ್ಮ ಒಬ್ಬಳೇ. ಗುಡುಗಪ್ಪನ ಹೆಂಡತಿಯ ತಮ್ಮನೂ ಆ ತುಕಡಿಯಲ್ಲೇ ಇದ್ದ.

"ಅವರು ಹೇಗೋ ಬರ್ತಾರೆ. ಇಲ್ಲೇ ನಿಂತ್ರೆ ನಿನ್ನ ಐದು ಜನಾನೂ ಸಾಯಿಸ್ತೀಯ."

ಆ ಮಾತು ಕೇಳಿ ಗುಡುಗಪ್ಪ ತನ್ನವರತ್ತ ತಿರುಗಿದ. "ಹೋಗೋರು ಹೋಗ್ರಪ್ಪಾ. ನಾನೇನೂ ಅಂದ್ಕೊಳ್ಳಲ್ಲ."

ಗುಂಡು ತುಂಬುವವನು ಅಂಗೈಗೆ ಉಗುಳಿ ಉಜ್ಜಿಕೊಂಡ. "ಅತ್ತೇನ ಈ ಅಳಿಯನ ಹತ್ರ ಒಬ್ಬಳೇ ಬಿಟ್ರೆ ಮನೆ ಉಳಿಯುತ್ತಾ?" ಯಾರೂ ಕದಲಲಿಲ್ಲ.

"ಇದು ಆಜ್ಞೆ!" ಎಂದ ಕ್ಯಾಪ್ಟನ್.

"ಕಿವಿ ಕೇಳಲ್ಲ ಸಾರ್! ಎಳೆಯೋಕಾಗ್ದೆ ಇದ್ರೆ ಏನಂತೆ, ಹೊಡೆಯೋಕಾಗುತ್ತಲ್ಲ!"

ಹೊಡೆದರು. ಶತ್ರುವಿನ ಗುಂಡುಗಳೂ ಹತ್ತಿರ ಬಿದ್ದವು. ಚೂರೊಂದು ಗುಂಡು ತುಂಬುವವನ ಭುಜ ಸೀಳಿತು. ಅವನು ಬಾಯಿಗೆ ಬಂದಂತೆ ಬೈಯುತ್ತ ಇನ್ನೊಂದು ಕೈಯಿಂದ ತುಂಬಿದ. ಗುಡುಗಪ್ಪನಿಗೆ ಭಯವಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ಬದುಕಿರುವವರನ್ನು ಲೆಕ್ಕದಿಂದ ತೆಗೆದುಹಾಕುವುದೆಂದರೇನು?

ಕೊನೆಯ ಗುಂಡು ಹಾರಿದ ಮೇಲೆ ಬೀಗದ ಭಾಗ ಬಿಚ್ಚಿ ಲಾರಿಗೆ ಹಾಕಿದರು. ಅತ್ತೆಮ್ಮ ಬಾಯಿ ತೆರೆದುಕೊಂಡು ಕೆಸರಿನಲ್ಲೇ ಉಳಿದಳು. ಗುಡುಗಪ್ಪ ಅವಳ ಬಿಸಿ ಮೈ ಮುಟ್ಟಿ, ಸುಟ್ಟ ಕೈಯನ್ನು ಕೊಡವಿಕೊಂಡ. ಅಳು ಬಂತು, ಅತ್ತ.

ಗೋಡೆಯೊಂದರ ಮರೆಯಲ್ಲಿ ಕಾಯುತ್ತಿದ್ದ ಕ್ಯಾಪ್ಟನ್ ಎದುರಿಗೆ ಬಂದು ನಿಂತ. "ಇವತ್ತೇ ನಿನ್ನ ತೋಳಿನ ಹುದ್ದೆ ಪಟ್ಟಿ ಕೀಳಿಸ್ತೀನಿ."

ಗುಡುಗಪ್ಪ ತೋಳು ಮುಂದೆ ಚಾಚಿದ. ಸೇತುವೆಯ ಮೇಲೆ ತುಕಡಿಯ ಜನ ಬರುತ್ತಿದ್ದರು, ಕುಂಟುತ್ತ, ಒಬ್ಬರನ್ನೊಬ್ಬರು ಹೊತ್ತುಕೊಂಡು. ಯಾರ ಮುಖವೂ ಇನ್ನೂ ಕಾಣುತ್ತಿರಲಿಲ್ಲ.

"ಈಗ್ಲೇ ಕೀಳಿ ಸಾರ್," ಎಂದ. "ಆದ್ರೆ ಅವರನ್ನ ವಾಪಸ್ ಕಳಿಸೋಕಾಗುತ್ತಾ, ನೋಡಿ."