ಶಹಾಬಾದಿನ ಮೆಕ್ಯಾನಿಕ್ ಮತ್ತು ಎರಡು ಪುಸ್ತಕ

ಶಹಾಬಾದಿನಲ್ಲಿ ನಮ್ಮ ಹಣೆಬರಹವನ್ನು ನಿರ್ಧರಿಸುತ್ತಿದ್ದವರು ಒಬ್ಬ ಸ್ಕೂಟರ್ ಮೆಕ್ಯಾನಿಕ್. ಪ್ರತಿ ಭಾನುವಾರ ಮಧ್ಯಾಹ್ನ ಅವರು ಗ್ಯಾರೇಜಿನ ಫರಸಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಗುಹೆಗಳನ್ನು ಬರೆಯುತ್ತಿದ್ದರು. ಆಟದಲ್ಲಿ ಒಂದು ಕಲ್ಲೆಂದರೆ ಹತ್ತು ಅಡಿ. ಅವರು ಕಥೆ ನಡೆಸುತ್ತಿದ್ದರು, ನಾವು ಗೆಳೆಯರು ಯೋಧರೋ ಮಂತ್ರವಾದಿಗಳೋ ಆಗಿ ಮಾತಿನಲ್ಲೇ ಆ ಗುಹೆಗೆ ಇಳಿಯುತ್ತಿದ್ದೆವು. ಆಟಕ್ಕೆ ಬೇಕಾದ ಇಪ್ಪತ್ತು ಮುಖದ ದಾಳ ಆ ಊರಿನಲ್ಲಿ ಸಿಗದ ಕಾರಣ ಸ್ಟೀಲ್ ಲೋಟದಲ್ಲಿ ಒಂದರಿಂದ ಇಪ್ಪತ್ತರವರೆಗಿನ ತಂಬೋಲ ಬಿಲ್ಲೆಗಳಿದ್ದವು. ಏನೇ ತಕರಾರು ಬಂದರೂ ಅವರು ಕೈಯ ಗ್ರೀಸ್ ಒರೆಸಿಕೊಂಡು, "ತಡೀರಿ, ಪುಸ್ತಕ ನೋಡೂಣು" ಎನ್ನುತ್ತಿದ್ದರು.

ಆಟದ ನಿಯಮಗಳ ಆ ಹಳೆಯ ಪುಸ್ತಕವೇ ನನ್ನ ಸಿಟ್ಟಿಗೆ ಕಾರಣ. ವಿಷಕ್ಕೊಂದು, ಮಂತ್ರಕ್ಕೊಂದು ಎಂದು ಬದುಕುಳಿಯಲು ಎತ್ತಬೇಕಾದ ಕನಿಷ್ಠ ಅಂಕಿ ಅದರಲ್ಲಿ ಐದು ಬಗೆಯದಿತ್ತು; ಯಾವುದು ಯಾವಾಗ ಎಂದು ಅವರೇ ಹೇಳಬೇಕು. ವಿಶ್ವವಿದ್ಯಾಲಯದಿಂದ ಮರಳಿದ ನಾನು, ಅದೇ ಆಟದ ನಿಯಮಗಳನ್ನು ಯಾರೋ ಹೊಸದಾಗಿ ಬರೆದಿದ್ದ ಪುಸ್ತಕವೊಂದನ್ನು ಇಂಟರ್‌ನೆಟ್‌ನಿಂದ ಇಳಿಸಿ, ಮುದ್ರಿಸಿ ಒಯ್ದೆ. ಅದರಲ್ಲಿ ಎಲ್ಲ ಅಪಾಯಕ್ಕೂ ಒಂದೇ ಅಂಕಿ.

"ಆಟ ನಡೆಸುವವರೂ ಉತ್ತರ ಹೇಳಬೇಕು. ಇನ್ನು ಮುಂದೆ ಇದೇ ನಿಯಮ" ಎಂದು ಪಟ್ಟುಹಿಡಿದೆ.

"ಆಯ್ತ್ ಬಿಡ್ರಿ ಸಾಹೇಬ್ರ" ಎಂದರು ಮೆಕ್ಯಾನಿಕ್.

ಅರ್ಧ ಗಂಟೆಯಲ್ಲಿ ನನ್ನ ಯೋಧನನ್ನು ಹಾವು ಕಚ್ಚಿತು. ಲೋಟದಿಂದ ನಾನು ಎತ್ತಿದ ಬಿಲ್ಲೆ ಹದಿಮೂರು. ಅವರು ಎರಡೂ ಪುಸ್ತಕಗಳನ್ನು ತೆರೆದರು.

"ಹಳೇದ್ರಾಗ ವಿಷಕ್ಕ ಹನ್ನೆರಡು ಬಂದ್ರ ಸಾಕಿತ್ತು. ನೀವು ತಂದಿದ್ರಾಗ ಹದಿನಾಲ್ಕು ಬೇಕು. ಸತ್ತಾನ್ರಿ ನಿಮ್ಮವ."

ಆ ಯೋಧನನ್ನು ನಾನು ಮೂರು ಭಾನುವಾರ ಕಷ್ಟಪಟ್ಟು ಸಾಕಿದ್ದೆ. "ಇದು ಭಾಳ ಅನ್ಯಾಯ" ಎಂದೆ.

ಅವರು ನಗಲಿಲ್ಲ. ನಿಧಾನವಾಗಿ ಗ್ರೀಸ್ ಒರೆಸಿಕೊಂಡರು.

"ತಡೀರಿ. ಯಾವ ಪುಸ್ತಕ ನೋಡೂಣು?"

ಉತ್ತರದಾಯಿತ್ವದ ಹೆಸರಿನಲ್ಲಿ ನಾನು ಹಳೆಯದರತ್ತ ಬೆರಳು ತೋರಿಸಿದೆ.