ನಾನು ಕೇಳದ ನನ್ನ ಮಾತು

ಗೋಡೆಯ ಗಡಿಯಾರ ಏಳು ನಿಮಿಷ ಮುಂದಿತ್ತು. ಆ ಮಧ್ಯಾಹ್ನ ಅದು ನಾಲ್ಕು ಹೊಡೆಯುವವರೆಗೆ ನಾನು ಅದನ್ನೇ ನೋಡುತ್ತ, ಒಂದು ಮಾತೂ ಆಡದೆ ಕುಳಿತಿದ್ದೆ. ಇಂದಿಗೂ ನನ್ನ ನೆನಪು ಹಾಗೆಯೇ ಇದೆ.

ಮೈಮೇಲೆ ದೇವರು ಬಂದಾಗ ಏನು ನುಡಿದೆನೋ ಗೊತ್ತಿಲ್ಲ ಎನ್ನುವವರನ್ನು ನಾನು ನಂಬಿದವಳಲ್ಲ. ಧಾರವಾಡದಲ್ಲಿ ಮನಃಶಾಸ್ತ್ರ ಓದಿದ ಮೇಲಂತೂ ಇಂಥದಕ್ಕೆಲ್ಲ ನನ್ನ ಬಳಿ ಉತ್ತರವಿತ್ತು.

ಎಂಬತ್ತರ ದಶಕದ ಆರಂಭ. ಮನಸ್ಸು ನೊಂದವರಿಗೆ ಮಾತಿನ ಚಿಕಿತ್ಸೆ ಮಾಡುವುದನ್ನು ಕಲಿಯಲು ಪ್ರತಿ ಶನಿವಾರ ಗಂಗಾವತಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ತಮ್ಮ ಮನೆಯಲ್ಲೇ ಕಲಿಸುತ್ತಿದ್ದ ಅಕ್ಕೋರದು ಒಂದು ಕಟ್ಟಳೆ: ಇನ್ನೊಬ್ಬರ ದುಃಖ ಕೇಳುವ ಮೊದಲು ನಮ್ಮದನ್ನು ಅಕ್ಕೋರ ಎದುರು ಹೇಳಬೇಕು. ಐದು ಶನಿವಾರ ನಾನು ಬಿಸಿಲು, ಬಸ್ಸು ಬಿಟ್ಟು ಬೇರೇನೂ ಹೇಳಿರಲಿಲ್ಲ. “ಮುಂದಿನ ವಾರನೂ ಹಿಂಗಾದ್ರ ನಿನ್ನ ಮುಂದ ಯಾರನ್ನೂ ಕೂಡಸಂಗಿಲ್ಲ ನೋಡವಾ” ಎಂದಿದ್ದರು.

ಆರನೆಯ ಶನಿವಾರ ನಾಲ್ಕು ಹೊಡೆದಾಗ ಎದ್ದು, “ತಪ್ಪಾತ್ರಿ ಅಕ್ಕೋರ, ಇವತ್ತೂ ಆಗ್ಲಿಲ್ಲ” ಎಂದೆ. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು.

“ಏನ್ ಆಗ್ಲಿಲ್ಲ ತಂಗಿ? ಒಂದ್ ತಾಸು ಎಲ್ಲಾ ಬಿಚ್ಚಿ ಹೇಳಿದಿ. ಆ ತಂಬಿಗಿ ಇನ್ನೂ ಅಟ್ಟದ ಮ್ಯಾಲ ಐತೇನು?”

ಎದ್ದವಳು ಮತ್ತೆ ಕುಳಿತೆ. ನಾನು ಹನ್ನೆರಡರವಳಿದ್ದಾಗ, ಸಾಯುವ ದಿನ ಅಪ್ಪ ನೀರು ಕೇಳಿದ್ದ. ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಹತ್ತಿರ ಒಬ್ಬಳೇ ಇದ್ದ ನಾನು ತುಂಬಿದ ತಂಬಿಗೆಯನ್ನು ಅವನ ಕಣ್ಣಿಗೆ ಬೀಳದಂತೆ ಸರಿಸಿಟ್ಟಿದ್ದೆ. ಆಮೇಲೆ ಅದನ್ನು ನೋಡಲಾರದೆ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೆ. ಸಾವಿನ ಮನೆಯ ಗದ್ದಲದಲ್ಲಿ ಯಾರೋ ಒಯ್ದರೆಂದೇ ಅವ್ವ ತಿಳಿದಿದ್ದಳು. ನಾನು ಯಾರಿಗೂ ಹೇಳಿರಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅಕ್ಕೋರ ಅತ್ತೆ ನಕ್ಕರು. “ಐದು ವಾರ ಮೂಕಿ ಹಂಗ ಬಂದು ಹೋದಿ, ಇವತ್ತ ಪುರಾಣನ ಹಚ್ಚಿದ್ಯಲ್ಲ! ಬಾಗಲಾ ಹಾಕಿದ್ರೂ ನಿನ್ನ ದನಿ ನಿಲ್ಲಲಿಲ್ಲ. ಬಾಯಿ ಒಣಗಿರಬೇಕು, ಕುಡಿ.” ಅವರು ಕೊಟ್ಟ ನೀರನ್ನು ಗಟಗಟ ಕುಡಿದೆ. ಗಂಟಲು ನಿಜಕ್ಕೂ ಒಣಗಿತ್ತು.

ಪುಸ್ತಕಗಳು ಇದನ್ನು ಮೈಮರೆವು ಎನ್ನುತ್ತವೆ. ಆದರೆ ನಾನು ಮರೆತದ್ದಾದರೂ ಏನು? ಮೂರು ಇಪ್ಪತ್ತಕ್ಕೆ ಕಿಟಕಿಗೆ ಅಳಿಲು ಬಂದದ್ದು, ಮೂರೂವರೆಗೆ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತದ್ದು, ಎಲ್ಲ ನೆನಪಿದೆ. ಆ ತಾಸಿನ ಒಂದು ನಿಮಿಷವೂ ಕಳೆದುಹೋಗಿಲ್ಲ. ನನಗೆ ಇದು ಇಂದಿಗೂ ಬಗೆಹರಿದಿಲ್ಲ. ಆದರೆ ಅಂದು ಬಸ್ಸಿನಲ್ಲಿ ಮರಳುವಾಗ ಹೆದರಿಕೆಯಾಗಲಿಲ್ಲ. ಗಂಗಾವತಿ ಬರುವವರೆಗೆ ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ತಂಬಿಗೆಯನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ನೀರು ತುಂಬಿ ಅವ್ವನ ಮುಂದಿಟ್ಟೆ. “ಎಲ್ಲಿ ಸಿಕ್ತವಾ ಇದು?” ಎಂದಳು. ಪಕ್ಕದಲ್ಲಿ ಕುಳಿತು ಹೇಳಿದೆ. ಈ ಸಲ ನನ್ನ ದನಿ ನನಗೂ ಕೇಳಿಸಿತು.